ಪಾಮ್ ಗಿಡಕ್ಕೆ ಹೊದಿಸಿದ ಕಂಬಳಿ

"ಸ್ವಾಮಿ ಬಂದು ನಿಂತವ್ನೆ, ಒಂದು ಮಾತು ಹೇಳ್ಬಾರ್ದೇನೋ ಕನಕಾ? ಪಕ್ಕದ್ಮನೆಯೋರಿಗೂ ಗೊತ್ತಾಗ್ದಂಗೆ ಕರ್ಕೊಂಡ್ ಬಂದ್ಬಿಟ್ಯಲ್ಲ!"

ಹಲ್ಲುಜ್ಜುತ್ತಿದ್ದ ಕನಕರಾಜು ಬಾಯಲ್ಲಿ ನೊರೆ ತುಂಬಿಕೊಂಡೇ ಗೇಟಿನ ಕಡೆ ಓಡಿದ. ಪಕ್ಕದ ಮನೆಯ ಯಲ್ಲಮ್ಮ ಅವನ ಪಾಮ್ ಗಿಡದ ಮುಂದೆ ಕೈಮುಗಿದು ನಿಂತಿದ್ದಳು. ಗಿಡಕ್ಕೆ ಹೊದಿಸಿದ್ದ ಕರಿ ಕಂಬಳಿಯ ಮೇಲೆ ಆಗಲೇ ಭಂಡಾರದ ಅರಿಶಿನ ಬಿದ್ದಿತ್ತು. ಬುಡದಲ್ಲಿ ಊದುಬತ್ತಿ ಹೊಗೆಯಾಡುತ್ತಿತ್ತು.

"ಯಲ್ಲಮ್ಮಕ್ಕಾ, ಅದು ಸ್ವಾಮಿಯಲ್ಲ, ಗಿಡ! ಚಳಿ ಅಂತ ಹೊದ್ಸಿದೀನಿ."

"ಗಿಡಕ್ಕೆ ಯಾರಾದ್ರೂ ಹೊಸ ಕಂಬಳಿ ಹೊದುಸ್ತಾರಾ? ಮೊದ್ಲು ಬಾಯಿ ಮುಕ್ಕಳಿಸ್ಕೊಂಡ್ ಬಾ, ದೇವರ ಮುಂದೆ ನಿಂತಿದೀಯ."

ಕನಕರಾಜು ಅಜ್ಜಂಪುರದ ಅಂಚಿನಲ್ಲಿ, ಮನೆಯ ಪಕ್ಕದ ಜಾಗದಲ್ಲೇ ಒಂದು ಫೋಟೋ ತೋಟ ಮಾಡಿದ್ದ. ಮದುವೆ ಗೊತ್ತಾದ ಜೋಡಿಗಳು ಬಂದು ಕೈ ಕೈ ಹಿಡಿದು ಓಡುವುದಕ್ಕೆ ಹುಲ್ಲುಹಾಸು, ಕೂರುವುದಕ್ಕೆ ಉಯ್ಯಾಲೆ, ಒರಗುವುದಕ್ಕೆ ಹೃದಯದಾಕಾರದ ಕಮಾನು, ಎಲ್ಲವೂ ಇದ್ದವು. ಪಾಮ್ ಒಂದೇ ಕೊರತೆ. ಹೋದ ವರ್ಷ, ಅದರ ಹಿಂದಿನ ವರ್ಷ ಕರಾವಳಿಯಿಂದ ತಂದು ನೆಟ್ಟವು ಪುಷ್ಯದ ಚಳಿಗೆ ಬಸ್ಸು ತಪ್ಪಿದವರ ಮುಖದಂತೆ ಜೋತುಬಿದ್ದು ಸತ್ತಿದ್ದವು. ಆದರೂ ಅವನು ಬಿಡುವವನಲ್ಲ. ಈ ಸಲ ತರೀಕೆರೆಯ ನರ್ಸರಿಯ ಮಹೇಂದ್ರನನ್ನು ಹಿಡಿದ.

"ಹಿಮ ಬೀಳೋ ಸೀಮೇದು ಕಣಣ್ಣ ಇದು. ನಮ್ಮ ಚಳಿ ಇದಕ್ಕೆ ಫ್ಯಾನ್ ಹಾಕ್ದಂಗೆ" ಎಂದು ಮಹೇಂದ್ರ ಮೊಬೈಲಿನಲ್ಲಿ ಫೋಟೋ ತೋರಿಸಿದ್ದ. ಬೀಸಣಿಗೆಯಂತೆ ಅರಳಿದ ಎಲೆಗಳನ್ನು ಕಂಡು ಕನಕರಾಜು ಅಲ್ಲೇ ಒಪ್ಪಿಬಿಟ್ಟ. ಎಲೆ ನೋಡಿದನೇ ಹೊರತು ಕಾಂಡ ನೋಡಲಿಲ್ಲ. ಗಿಡ ಬಂದಾಗ ಕಾಂಡಕ್ಕೆ ಗೋಣಿ ಸುತ್ತಿ ಹೊಲಿದಿತ್ತು. ಬೇರು ಹಿಡಿಯುವವರೆಗೆ ಬಿಚ್ಚಬೇಡ ಎಂದಿದ್ದರಿಂದ ಹಾಗೇ ನೆಟ್ಟ.

ಎಲ್ಲ ಸರಿಯಿತ್ತು. ಆದರೆ ಹಿಂದಿನ ದಿನ ಸಂಜೆ ಎದುರಂಗಡಿಯ ಹಾಲೇಶ, "ಹಿಮ ತಡೀಬೋದು ಕಣಪ್ಪ, ಆದ್ರೆ ಹೊಸ ಜಾಗ ನೋಡು, ಎಳೇ ಕೂಸಿದ್ದಂಗೆ" ಎಂದುಬಿಟ್ಟ. ಕನಕರಾಜು ಒಳಗೆ ಓಡಿದ. ಅತ್ತೆ ಕೊಟ್ಟ ಹೊಸ ಕಂಬಳಿ ತಂದು, ಎಲೆಗಳನ್ನೆಲ್ಲ ಮೇಲಕ್ಕೆ ಕಟ್ಟಿ, ಬುಡದಿಂದ ತುದಿಯವರೆಗೆ ಹೊದಿಸಿದ. ಈಗ ನೋಡಿದರೆ ಗಿಡ ತಲೆಯ ಮೇಲಿಂದ ಕಂಬಳಿಯ ಗೊಪ್ಪೆ ಹಾಕಿಕೊಂಡು ನಿಂತ ಆಳಿನಂತೆಯೇ ಕಾಣುತ್ತಿತ್ತು.

ಇವತ್ತು ಸಂಜೆ ಕಡೂರಿನ ಯಶೋದಾ ಎಂಬಾಕೆ ಮಗಳನ್ನು ಕರೆದುಕೊಂಡು ತೋಟ ನೋಡಲು ಬರುವವಳಿದ್ದಳು. ಅವನ ಮೊದಲ ಗಿರಾಕಿ. "ಪಾಮ್ ಇದೆ ತಾನೆ?" ಎಂದು ಫೋನಿನಲ್ಲೇ ಕೇಳಿದ್ದಳು.

ಕನಕರಾಜು ಗಂಟು ಬಿಚ್ಚಲು ಕೈ ಚಾಚಿದ.

"ಮುಟ್ಟೀಯ! ಭಂಡಾರ ಬಿದ್ದ ಕಂಬಳಿ ಅಪ್ಪಣೆ ಇಲ್ದೆ ಎತ್ತುತಾರೇನೋ? ನಿಮ್ಮಪ್ಪ ಇದ್ದಿದ್ರೆ ಬೆನ್ ಮುರಿಯೋನು" ಎಂದು ಯಲ್ಲಮ್ಮ ಗದರಿದಳು.

ಅದು ನಿಜವೇ. ಅವರ ಮನೆದೇವರು ಕಂಬಳಿ ಹೊದ್ದ ಸ್ವಾಮಿ, ಹಾಸಿದ ಕಂಬಳಿಯೆಂದರೆ ಆ ದೇವರ ಗದ್ದುಗೆ. ಚಿಕ್ಕಂದಿನಲ್ಲಿ ಒಮ್ಮೆ ತುಳಿದು ತಿಂದ ಏಟು ಅವನ ಬೆನ್ನಿಗಿನ್ನೂ ನೆನಪಿತ್ತು. ಕೈ ತಾನಾಗಿ ಹಿಂದೆ ಬಂತು. ಹಿರೇನಲ್ಲೂರಿನ ಪೂಜಾರಿ ಸಣ್ಣಬೀರಪ್ಪನಿಗೆ ಫೋನ್ ಮಾಡಿದ.

"ಬತ್ತೀನಿ ಬತ್ತೀನಿ. ಅಲ್ಲೀಗಂಟ ಯಾರೂ ಮುಟ್ಬೇಡಿ."

ಅವನು ಬರುವಷ್ಟರಲ್ಲಿ ಹಾಲೇಶ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ದ. ಮಧ್ಯಾಹ್ನಕ್ಕೆ ಹುಲ್ಲುಹಾಸಿನ ತುಂಬ ಜನ. ಹೃದಯದ ಕಮಾನಿಗೆ ಮಾವಿನ ತೋರಣ, ಉಯ್ಯಾಲೆಯ ಮೇಲೆ ಚಪ್ಪಲಿಗಳ ರಾಶಿ. ಡೊಳ್ಳಿನವರು ಬಂದರು. ಹೆಂಡತಿ ಹೇಮಾವತಿ ಸೌಟು ಹಿಡಿದು ಬಂದು, "ಪಾಯ್ಸಕ್ಕೆ ಬೆಲ್ಲ ಸಾಲ್ದು ಕಣ್ರೀ" ಎಂದಳು.

"ನೀನೂನಾ ಹೇಮಾ?"

"ದೇವ್ರೋ ಗಿಡಾನೋ, ಬಂದೋರನ್ನ ಹಸ್ಕೊಂಡ್ ಕಳ್ಸಕ್ಕಾಗುತ್ತಾ?"

ಬಿಸಿಲೇರಿತು. ದಿಕ್ಕು ತೋಚದೆ ಮಹೇಂದ್ರನಿಗೆ ಫೋನ್ ಮಾಡಿದರೆ ಅವನು ಆ ಕಡೆಯಿಂದ ಕೂಗಿಕೊಂಡ: "ಕಂಬಳಿನಾ? ಅಣ್ಣಾ, ಚಳೀಲಿ ಅದು ಸಾಯಲ್ಲ, ಸೆಕೇಲಿ ಬೆಂದು ಸಾಯುತ್ತೆ! ಮೊದ್ಲು ತೆಗಿ!"

ಕೊನೆಗೂ ಸಣ್ಣಬೀರಪ್ಪ ಬಂದ, ನಿಧಾನವಾಗಿ ಪಾಯಸ ಮುಗಿಸಿದ. ಆಮೇಲೆ ಕಂಬಳಿಯ ನೆತ್ತಿಯ ಮೇಲೆ ಒಂದು ಸೇವಂತಿಗೆ ಇಟ್ಟು, "ಬಲಕ್ಕೆ ಬಿದ್ರೆ ಅಪ್ಪಣೆ" ಎಂದು ಕಣ್ಣು ಮುಚ್ಚಿದ. ಹೂವು ಉಣ್ಣೆಗೆ ಕಚ್ಚಿಕೊಂಡು ಕೂತುಬಿಟ್ಟಿತು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಬಿಸಿಲು ಇಳಿದರೂ ಹೂವು ಇಳಿಯಲಿಲ್ಲ.

ಗೇಟಿನ ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಯಶೋದಾ!

ಇನ್ನು ಸುಮ್ಮನಿದ್ದರೆ ಆಗದೆಂದು ಕನಕರಾಜು ಭಕ್ತಿಯಿಂದ ಪ್ರದಕ್ಷಿಣೆ ಹೊರಟ. ಹಿಂಬದಿಗೆ ಬಂದಾಗ ಎಡವಿದವನಂತೆ ಮೊಣಕಾಲಿನಿಂದ ಕಾಂಡಕ್ಕೊಂದು ಗುದ್ದು ಕೊಟ್ಟ. ಹೂವು ಬಲಕ್ಕೆ ಬಿತ್ತು.

"ಅಪ್ಪಣೆಯಾಯ್ತು!" ಎಂದ ಸಣ್ಣಬೀರಪ್ಪ, ಕಂಬಳಿ ಬಿಚ್ಚಿ ಮಡಿಸಿಟ್ಟ. ಕಟ್ಟು ಕಳಚಿದ ಎಲೆಗಳು ಬೀಸಣಿಗೆಯಂತೆ ಹರಡಿಕೊಂಡವು. ಗಿಡ ಬದುಕಿತ್ತು! ಆದರೂ ಜನ ಕೈಮುಗಿದೇ ನಿಂತಿದ್ದರು. ಈ ಭ್ರಮೆಯನ್ನು ಇವತ್ತೇ ಬುಡಸಮೇತ ಕಿತ್ತುಹಾಕಬೇಕೆಂದು ಕನಕರಾಜು ಕುಡುಗೋಲು ತಂದು, ಗೋಣಿಯ ಹೊಲಿಗೆಯನ್ನು ಪರಪರನೆ ಕೊಯ್ದು ಎಳೆದ.

"ನೋಡ್ರಪ್ಪಾ ಕಣ್ಬಿಟ್ಟು! ಮರ! ಬರೀ ಮರ!"

ಗೋಣಿ ಕಳಚಿ ಬಿತ್ತು. ಬುಡದಿಂದ ತುದಿಯವರೆಗೆ ಕಾಂಡದ ತುಂಬ ದಟ್ಟವಾದ ಕಂದು ನಾರು, ಮಗ್ಗದಲ್ಲಿ ನೇಯ್ದಂತೆ ಒತ್ತಾಗಿ ಸುತ್ತಿಕೊಂಡಿತ್ತು. ಕುರಿಯ ಉಣ್ಣೆಯಂತೆಯೇ ಒರಟು ಒರಟು.

"ಅಯ್ಯೋ ನಮ್ಮಪ್ಪಾ! ಹುಟ್ತಾನೇ ಕಂಬಳಿ ಹೊದ್ಕೊಂಡ್ ಬಂದವ್ನೆ!" ಎಂದು ಯಲ್ಲಮ್ಮ ಅಡ್ಡಬಿದ್ದಳು. ಡೊಳ್ಳು ಗುಡುಗಿತು.

ಯಶೋದಾ ಗೇಟಿನಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದಳು, ಮಗಳ ತಲೆ ಬಗ್ಗಿಸಿ ನಮಸ್ಕಾರ ಮಾಡಿಸಿದಳು. "ಒಳ್ಳೇ ಜಾಗ ಕಣ್ರೀ. ಆದ್ರೆ ದೇವರೆದುರಿಗೆ ಹುಡುಗ ಹುಡುಗಿ ತಬ್ಕೊಂಡು ಫೋಟೋ ತೆಗೆಸ್ಕೊಳ್ಳೋದಾ? ಬೇಡಪ್ಪ" ಎಂದು ಭಂಡಾರ ಕಟ್ಟಿಸಿಕೊಂಡು ಕಾರು ಹತ್ತಿದಳು.

"ಅದು ನಾರು ಕಣಜ್ಜಾ" ಎಂದ ಕನಕರಾಜು, ಸಣ್ಣಬೀರಪ್ಪನ ಕಡೆ ತಿರುಗಿ. "ಚಳಿ ತಡ್ಕೊಳ್ಳಕ್ಕೆ ಮರಾನೇ ಬೆಳೆಸ್ಕೊಂಡಿರೋದು."

"ನಾವೂ ಅದ್ನೇ ಅಲ್ವೇನಪ್ಪಾ ಹೇಳ್ತಿರೋದು? ನಿನ್ ಕಂಬಳಿ ಅವ್ನಿಗೆ ಬೇಕಿರ್ಲಿಲ್ಲ. ತಗೋ, ನೀನೇ ಹೊದ್ಕೋ" ಎಂದು ಸಣ್ಣಬೀರಪ್ಪ ಕಂಬಳಿಯನ್ನು ಅವನ ತಲೆಯ ಮೇಲಿಂದ ಹೊದಿಸಿ ಬಸ್ಸಿಗೆ ಹೊರಟ.

ಮುಸ್ಸಂಜೆಯಾಯಿತು, ಕುಳಿರ್ಗಾಳಿ ಎದ್ದಿತು. ಕನಕರಾಜು ಅದೇ ಕಂಬಳಿ ಹೊದ್ದು ಮರದ ಬುಡದಲ್ಲೇ ಮುದುರಿ ಕೂತಿದ್ದ. ಬೀರೂರಿನ ಬಸ್ಸಿಳಿದ ಯಾರೋ ಒಬ್ಬಾಕೆ ಮಬ್ಬಿನಲ್ಲಿ ದಡದಡ ಬಂದವಳು, ಅವನ ಹಣೆಯ ತುಂಬ ಭಂಡಾರ ಬಳಿದು, ಕಾಲ ಬಳಿ ಒಂದು ಕಾಯಿ ಒಡೆದು ಹೋದಳು.