ಪಾವ್ಲೆ ಯಾರ ಪೈಕಿ?

ಕ್ಷೌರಿಕ ಪಾವ್ಲೆ ಆಸ್ಪತ್ರೆಯಲ್ಲಿ ತೀರಿಕೊಂಡನೆಂಬ ಸುದ್ದಿ ಶನಿವಾರ ಸಂಜೆ ಬಂತು. ಹಿಂದೆ ಮುಂದೆ ಯಾರೂ ಇಲ್ಲದವನು. ಗೆಳೆಯ ಗ್ಲಿಶಾನೇ ಎಲ್ಲ ಮಾಡಬೇಕಾಯಿತು. ಕಡುಬೇಸಿಗೆಯಾದ್ದರಿಂದ ಭಾನುವಾರ ಮಧ್ಯಾಹ್ನವೇ ಮಣ್ಣು ಮಾಡುವುದೆಂದಾಯಿತು. ಬೀದಿಯ ಮರಗಳಿಗೆ ಅಂಟಿಸುವ ಸಾವಿನ ಚೀಟಿ ಅಚ್ಚುಹಾಕಿಸಲು ಹೋದರೆ ಅಂಗಡಿಯವನು ಕೇಳಿದ: "ಮೇಲೆ ಯಾವ ಚರ್ಚಿನ ಶಿಲುಬೆ ಹಾಕ್ಲಿ, ಗ್ಲಿಶಣ್ಣ? ಅವನು ಯಾರ ಪೈಕಿ?"

"ಸದ್ಯಕ್ಕೆ ಆ ಜಾಗ ಖಾಲಿ ಬಿಡು" ಎಂದ ಗ್ಲಿಶಾ. ಪಾವ್ಲೆಯ ತಾಯಿ ಹಂಗೇರಿಯವಳು, ಕ್ಯಾಥೊಲಿಕ್; ತಂದೆ ಸ್ಲೊವಾಕ್, ಲೂಥರನ್; ತೀರಿಹೋದ ಹೆಂಡತಿ ಸರ್ಬಿಯದವಳು, ಆರ್ಥೊಡಾಕ್ಸ್. ಅವನೋ, ಎಲ್ಲಿ ಹಾಡು ಚೆನ್ನಾಗಿದೆಯೋ ಆ ಭಾನುವಾರ ಅಲ್ಲಿ. ಗ್ಲಿಶಾ ಒಲೆ ಕಟ್ಟುವ ಮೇಸ್ತ್ರಿ; ಚಳಿಗಾಲದಲ್ಲಿ ಚರ್ಚು ಬೆಚ್ಚಗಿಡುವ ಒಲೆ ಹೊಗೆಯಾಡಿದಾಗ ಮಾತ್ರ ಒಳಗೆ ಕಾಲಿಟ್ಟವನು. ಆದರೂ ಗೆಳೆಯನನ್ನು ಪ್ರಾರ್ಥನೆಯಿಲ್ಲದೆ ಮಣ್ಣಿಗಿಡಲು ಮನಸ್ಸು ಒಪ್ಪಲಿಲ್ಲ.

ಬೆಳಿಗ್ಗೆ ಮೊದಲು ಕ್ಯಾಥೊಲಿಕ್ ಚರ್ಚಿಗೆ ಹೋದ. ಎಲ್ಲರೂ ಮಂಡಿಯೂರಿದರು, ಅವನೂ ಊರಿದ. ಎಲ್ಲರೂ ಎದ್ದರು, ಅವನು ಕೆಸರಿನಲ್ಲಿ ಕೂತ ಎಮ್ಮೆಯಂತೆ ಅಲ್ಲೇ ಉಳಿದ. ಕೊನೆಗೆ ಪಾದ್ರಿಯೇ ಬಂದು ಕೈಹಿಡಿದು ಎಬ್ಬಿಸಿದರು. "ಪಾವ್ಲೆನಾ? ನಮ್ಮವನೇ ಅಲ್ವೇನಯ್ಯಾ! ಖಂಡಿತ ಬರ್ತೀನಿ."

ಹೊರಗೆ ಪಕ್ಕದ ಮನೆಯ ಯುಲ್ಕಾ ಕಾದಿದ್ದಳು. "ಅಪ್ಪ ಲೂಥರನ್ ಆದ್ರೆ ಮಗ ಕ್ಯಾಥೊಲಿಕ್ ಹೇಗಾಗ್ತಾನೆ? ತಪ್ಪು ಪ್ರಾರ್ಥನೆ ಹೇಳ್ಸಿದ್ರೆ ಮೇಲೆ ಅವನನ್ನ ಯಾರದೋ ಬಾಗಿಲಲ್ಲಿ ನಿಲ್ಲಿಸ್ತಾರೆ, ನೋಡ್ತಿರು."

ಗ್ಲಿಶಾ ಲೂಥರನ್ ಚರ್ಚಿಗೆ ಓಡಿದ. ಬರಿಯ ಬಿಳಿ ಗೋಡೆ, ಕೂರಲು ಬೆಂಚು. ಮಂಡಿಗೆ ಎಂಥ ಸುಖವಾಯಿತೆಂದರೆ ಉಪದೇಶದ ನಡುವೆ ಅವನ ಗೊರಕೆ ಗರಗಸದಂತೆ ಎದ್ದಿತು. ಪಾದ್ರಿ ಮುನಿಯಲಿಲ್ಲ. "ಪಾವ್ಲೆಯೂ ಅಲ್ಲೇ ಕೂತು ತೂಕಡಿಸ್ತಿದ್ದ. ನಮ್ಮವನು. ಬರ್ತೀನಿ."

"ಹೆಂಡ್ತಿ ಸಮಾಧಿ ಪಕ್ಕದಲ್ಲೇ ತಾನೇ ಇವನು ಮಲಗೋದು?" ಯುಲ್ಕಾ ಮತ್ತೆ ಅಡ್ಡ ಬಂದಳು. "ಅವಳಿಗೊಂದು ಪ್ರಾರ್ಥನೆ, ಇವನಿಗೊಂದಾ?"

ಆರ್ಥೊಡಾಕ್ಸ್ ಚರ್ಚಿನಲ್ಲಿ ಎಲ್ಲರೂ ನಿಂತೇ ಇದ್ದರು. ಧೂಪ, ಮೇಣದ ಬೆಳಕು, ಗಂಡಸರ ದಪ್ಪ ದನಿಯ ಹಾಡು. ಒಂದು ಕಡೆ ಮಂಡಿಯೂರಿಸುತ್ತಾರೆ, ಒಂದು ಕಡೆ ಕೂರಿಸುತ್ತಾರೆ, ಇಲ್ಲಿ ನಿಲ್ಲಿಸುತ್ತಾರೆ. ತಲೆ ಮಾತ್ರ ಎಲ್ಲ ಕಡೆಯೂ ಒಂದೇ ತರಹ ಬಾಗುತ್ತದಲ್ಲ ಎಂದುಕೊಂಡ. ಕಣ್ಣು ತುಂಬಿತು, ಧೂಪದ ಮೇಲೆ ತಪ್ಪು ಹೊರಿಸಿದ. ಇಲ್ಲಿಯ ಪಾದ್ರಿಯೂ, "ನಮ್ಮವನೇ, ಬರ್ತೀನಿ" ಎಂದರು.

ಊರಿನ ಅಧ್ಯಕ್ಷ ಸತ್ತಾಗಲೂ ಮೂವರು ಬಂದಿರಲಿಲ್ಲ! ಗ್ಲಿಶಾ ಹೆಮ್ಮೆಯಿಂದ ಸ್ಮಶಾನಕ್ಕೆ ನಡೆದ.

ಹೊತ್ತಾಯಿತು. ಒಬ್ಬರ ಸುಳಿವೂ ಇಲ್ಲ. ಗುಂಡಿ ತೋಡಿದವರು ಸಲಿಕೆಗೆ ಒರಗಿ ಆಕಳಿಸಿದರು. ಯುಲ್ಕಾ ಹೂವು ಹಿಡಿದು ಬಂದಳು.

"ಎಲ್ಲೇ ಪಾದ್ರಿಗಳು?"

"ಅಯ್ಯೋ, ಯಾರೂ ಬಂದಿಲ್ವಾ? ಉಳಿದಿಬ್ರೂ ಬರ್ತಾರೆ ಅಂತ ಮೂವರಿಗೂ ನಾನೇ ಹೇಳಿ ಬಂದೆ. ಎಂಥ ಮರ್ಯಾದಸ್ತರು ಅಂತೀಯ! 'ಅವರಿಬ್ಬರ ನಡುವೆ ನಾನ್ಯಾಕೆ, ಅವರೇ ಮಾಡ್ಲಿ' ಅಂತ ಕ್ಯಾಥೊಲಿಕ್ ಪಾದ್ರಿ ಪಕ್ಕದೂರಿಗೆ ಹೊರಟುಬಿಟ್ರು. ಇನ್ನಿಬ್ರೂ ಅದನ್ನೇ ಅಂದ್ರು."

"ಆಗಲೇ ಬಂದು ಬೊಗಳೋದಲ್ವೇನೇ!"

"ಒಬ್ಬರಾದ್ರೂ ಮರ್ಯಾದೆ ಬಿಟ್ಟು ಬರ್ತಾರೆ ಅಂದ್ಕೊಂಡೆ."

ಗುಂಡಿಯವರು ಗ್ಲಿಶಾನ ಮುಖ ನೋಡಿದರು. ಅವನು ಶಿಲುಬೆಯ ಗುರುತು ಹಾಕಲು ಕೈಯೆತ್ತಿದ. ಕ್ಯಾಥೊಲಿಕ್ಕರು ಎಡ ಭುಜ ಮೊದಲು ಮುಟ್ಟುತ್ತಾರೆ, ಆರ್ಥೊಡಾಕ್ಸರು ಬಲ ಭುಜ; ಪಾವ್ಲೆಗೆ ಯಾವುದೆಂದು ತಿಳಿಯದೆ ಕೈ ಎದೆಯ ಮೇಲೆಯೇ ನಿಂತಿತು. ಟೋಪಿ ತೆಗೆದ.

"ದೇವರೇ, ಇವನು ಪಾವ್ಲೆ. ನಿನಗೆ ಗೊತ್ತಿರೋನೇ. ಯಾರ ಮನಸ್ಸನ್ನೂ ನೋಯಿಸ್ಲಿಲ್ಲ. ಒಂದೆರಡು ಸಲ ಕೆನ್ನೆ ಕುಯ್ದಿದ್ದಾನೆ, ಮನ್ನಿಸಿಬಿಡು. ನನಗಿಂತ ಚೆನ್ನಾಗಿ ಕೇಳ್ಕೊಳ್ಳೋರು ಬರಬೇಕಿತ್ತು, ಬರ್ಲಿಲ್ಲ. ಇವನ ಆತ್ಮಕ್ಕೆ ಶಾಂತಿ ಕೊಡು, ತಂದೆ. ಆಮೆನ್."