ಮಾಸ್ತರ ಊರಾಗಿಲ್ಲ

‘ನಾನು ಯಾರು’ ಎಂಬ ಪ್ರಶ್ನೆಯನ್ನು ದೊಡ್ಡ ದೊಡ್ಡ ಜ್ಞಾನಿಗಳು ತಮಗೆ ತಾವೇ ಕೇಳಿಕೊಳ್ಳುತ್ತಿದ್ದರಂತೆ. ಅವರಿಗೆ ಬೇರೆ ಉದ್ಯೋಗವಿರಲಿಲ್ಲ ಎಂದೇ ನಾನು ತಿಳಿದಿದ್ದೆ. ಸಿಂದಗಿಯ ನಮ್ಮ ಗಲ್ಲಿಯಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ನಾನು ಗಣಿತದ ಮಾಸ್ತರ, ನನ್ನ ಮನೆ ಗುರಪ್ಪನ ಹಿಟ್ಟಿನ ಗಿರಣಿಯ ಎದುರಿಗೆ. ಇಂಥ ನಾನು ನಿವೃತ್ತನಾದ ಮೇಲೆ, ನಾನೇ ನಾನು ಎಂದು ಸರಕಾರಕ್ಕೆ ಸಾಬೀತು ಮಾಡಬೇಕಾಗಿ ಬಂತು. ಅದಕ್ಕೆ ಕಾರಣ ಪಾಸ್‌ಪೋರ್ಟು, ಪಾಸ್‌ಪೋರ್ಟಿಗೆ ಕಾರಣ ನನ್ನ ಹೆಂಡತಿ ಕಮಲಾ.

ನಮ್ಮ ಬುದ್ಧವಿಹಾರದ ಮಂದಿ ಒಂದು ಗುಂಪು ಕಟ್ಟಿಕೊಂಡು ಶ್ರೀಲಂಕಾಕ್ಕೆ ಹೊರಟಿದ್ದರು. ಅಲ್ಲಿಯ ಬೋಧಿವೃಕ್ಷದ ನೆರಳಲ್ಲಿ ಒಂದು ಸಲ ಕೂತು ಬರಬೇಕೆಂಬುದು ಕಮಲಾಳ ಎಷ್ಟೋ ವರ್ಷದ ಆಸೆ. ಆಲಮೇಲದ ದಾರಿಯಲ್ಲೂ ಒಳ್ಳೊಳ್ಳೆಯ ಅರಳಿ ಮರಗಳಿವೆ ಎಂದು ನಾನು ಹೇಳಿ ನೋಡಿದೆ. ಆ ದಿನ ನನ್ನ ಚಹಾಕ್ಕೆ ಸಕ್ಕರೆ ಬೀಳಲಿಲ್ಲ. ಅವಳ ಪಾಸ್‌ಪೋರ್ಟು ಹಿಂದೆಯೇ ಆಗಿತ್ತು, ನನ್ನದು ಆಗಬೇಕಿತ್ತು. ‘ನಿಮ್ಮದು ಬರದಿದ್ರ ಬಿಡ್ರಿ, ಸುಶೀಲಾಬಾಯಿ ನನ್ನ ಬಾಜೂ ಕುಂದರ್ತಾರ’ ಎಂದು ಆಕೆ ಸಮಾಧಾನದಿಂದಲೇ ಹೇಳಿದಳು. ಮದುವೆಯಾದಾಗಿನಿಂದ ಇಂಡಿ ಊರಿನ ಬಸ್ಸಿರಲಿ, ಬಾಗೇವಾಡಿಯ ಬಸ್ಸಿರಲಿ, ಅವಳ ಬಾಜೂ ಕೂತವನು ನಾನು. ಆ ಸೀಟು ಗುಂಪಿನ ಸುಶೀಲಾಬಾಯಿಗೆ ಹೋಗುತ್ತದೆ ಎಂದು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು.

ವಿಜಯಪುರದ ಕಚೇರಿಗೆ ಹೋದೆ. ಅಲ್ಲಿಯ ಹುಡುಗಿ ಬಹಳ ಮರ್ಯಾದೆಯಿಂದ ಕನ್ನಡಕ ತೆಗೆಯಲು ಹೇಳಿದಳು. ಕನ್ನಡಕ ತೆಗೆದ ಮೇಲೆ ಕ್ಯಾಮೆರಾ ಎಲ್ಲಿದೆ ಎಂಬುದೇ ಕಾಣದೆ ನಾನು ಗೋಡೆಯ ಫ್ಯಾನಿನ ಕಡೆ ನೋಡಿದೆ. ಬೆರಳಚ್ಚು ಮೂಡಲೊಲ್ಲದು, ಜೀವನವೆಲ್ಲ ಸುಣ್ಣದ ಕಡ್ಡಿ ಹಿಡಿದು ಗೆರೆಗಳೆಲ್ಲ ಬೋರ್ಡಿಗೇ ಹೋಗಿರಬೇಕು. ಕೊನೆಗೆ ಯಂತ್ರದಲ್ಲಿ ಮೂಡಿದ ಫೋಟೋ ನೋಡಿದೆ. ಆ ಮನುಷ್ಯನಿಗೆ ನಾನಂತೂ ಪಾಸ್‌ಪೋರ್ಟು ಕೊಡುತ್ತಿರಲಿಲ್ಲ. ಆಕೆ ಮಾತ್ರ ‘ಇನ್ನ ಪೊಲೀಸ್ರು ಮನೀಗೆ ಬಂದು ವಿಚಾರಸ್ತಾರ್ರಿ, ಆಮ್ಯಾಲ ಬರ್ತೈತಿ’ ಎಂದು ನಕ್ಕು ಕಳಿಸಿದಳು.

ಬಂದದ್ದು ಪಾಸ್‌ಪೋರ್ಟಲ್ಲ, ಮೊಬೈಲಿಗೊಂದು ಸಂದೇಶ. ಅರ್ಜಿದಾರರು ಈ ವಿಳಾಸದಲ್ಲಿ ವಾಸವಿರುವುದು ಕಂಡುಬಂದಿಲ್ಲವಂತೆ. ಹುಟ್ಟಿದಾಗಿನಿಂದ ಅದೇ ಮನೆಯ ಕಟ್ಟೆಯ ಮೇಲೆ ಕೂತು ಕಟ್ಟೆ ಸವೆಸಿದವನಿಗೆ ಈ ಮಾತು! ನನಗೆ ತಕ್ಷಣ ಗುರಪ್ಪನ ಮೇಲೆ ಸಂಶಯ ಬಂತು. ಯಾಕೆಂದರೆ ನಮ್ಮ ಗಲ್ಲಿಗೆ ಒಂದು ರೂಢಿಯಿದೆ. ಕೈಯಲ್ಲಿ ಪೇಢೆಯ ಪೊಟ್ಟಣ ಹಿಡಿದು ಬಂದವರಿಗೆ ನಾವು ಮನೆಯ ತನಕ ಹೋಗಿ ಬಾಗಿಲು ತೋರಿಸುತ್ತೇವೆ. ಬಗಲಲ್ಲಿ ಬ್ಯಾಗು ಹಾಕಿಕೊಂಡ ಅಪರಿಚಿತರು ಯಾರನ್ನು ಕೇಳಿದರೂ ‘ಊರಾಗಿಲ್ಲ’ ಎನ್ನುತ್ತೇವೆ. ಚಂದಾ ಕೇಳುವವರು, ವಿಮೆಯವರು, ಕೋರ್ಟಿನವರು, ಎಲ್ಲರಿಗೂ ಒಂದೇ ಉತ್ತರ. ಇದು ಸುಳ್ಳಲ್ಲ, ನೆರೆಹೊರೆಯ ಪ್ರೀತಿ. ಗುರಪ್ಪ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಯಾರನ್ನೋ ಹುಡುಕಿಕೊಂಡು ಬಂದ ಜಪ್ತಿಯವನೊಬ್ಬನಿಗೆ ಚಹಾ ಕುಡಿಸಿ, ಗೊಳಸಂಗಿಗೆ ಬಸ್ಸು ಹತ್ತಿಸಿ ಕಳಿಸಿದವನು ಅವನು. ಜಪ್ತಿಯವನು ಹುಡುಕುತ್ತಿದ್ದ ಮನುಷ್ಯ ಆಗ ಗಿರಣಿಯ ಒಳಗೇ ಜೋಳ ಬೀಸಿಸುತ್ತಿದ್ದ.

ನಾನು ಗುರಪ್ಪನನ್ನು ಕೇಳಲಿಲ್ಲ, ಜಗಳವಾಡಲಿಲ್ಲ. ಸುಮ್ಮನೆ ಮಾತು ಬಿಟ್ಟೆ. ಜೋಳದ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಅವನ ಕಣ್ಣಿಗೆ ಬೀಳದಂತೆ ಹಿಂದಿನ ಸಂದಿಯಿಂದ ದೂರದ ಇನ್ನೊಂದು ಗಿರಣಿಗೆ ಹೋಗತೊಡಗಿದೆ. ಆ ಹಿಟ್ಟು ತರಿತರಿ. ಕಮಲಾ ಬಡಿಯುತ್ತಿದ್ದಂತೆ ರೊಟ್ಟಿ ಅಂಚಿನಿಂದ ಸೀಳುತ್ತಿತ್ತು. ‘ಸಿಟ್ಟು ಗುರಪ್ಪನ ಮ್ಯಾಲ, ಶಿಕ್ಷೆ ನನ್ನ ಕೈಗೆ’ ಎಂದು ಆಕೆ ಗೊಣಗುತ್ತಿದ್ದಳು. ನಾನು ಸ್ವಾಭಿಮಾನದ ಬಗ್ಗೆ ನಾಲ್ಕು ಮಾತು ಹೇಳಿ, ಹರಿದ ರೊಟ್ಟಿಯನ್ನೇ ಮುರಿದು ತಿನ್ನುತ್ತಿದ್ದೆ.

ಮತ್ತೊಮ್ಮೆ ವಿಚಾರಣೆ ಮಾಡಿಸಿರೆಂದು ಅರ್ಜಿ ಕೊಟ್ಟು ಬಂದೆ. ಗುಂಪು ಹೊರಡುವ ದಿನ ಹತ್ತಿರವಾಗುತ್ತಿತ್ತು, ಸುಶೀಲಾಬಾಯಿ ಆಗಲೇ ಕಿಟಕಿ ಸೀಟಿನ ಮಾತು ತೆಗೆದಿದ್ದರು. ಒಂದು ರವಿವಾರ ಮುಂಜಾನೆ ನಾನು ಬನಿಯನ್-ಲುಂಗಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದೆ. ತಲೆಗೆ, ಮೀಸೆಗೆ ಕಪ್ಪು ಬಣ್ಣ ಮೆತ್ತಿಕೊಂಡಿದ್ದೆ. ಫೋಟೋದಲ್ಲಿಯ ಕೂದಲಿಗೂ ನನ್ನ ಕೂದಲಿಗೂ ಹೊಂದಿಕೆಯಿರಬೇಕಲ್ಲ! ಆಗ ಬೈಕಿನಿಂದ ಒಬ್ಬ ಇಳಿದ. ಸಾದಾ ಅಂಗಿ, ಬಗಲಲ್ಲಿ ಬ್ಯಾಗು.

‘ಯಜಮಾನ್ರ, ಮಾಸ್ತರ ಮುದ್ದೇಬಿಹಾಳದಿಂದ ಬಂದ್ರೇನ್ರಿ?’

‘ಯಾವ ಮಾಸ್ತರ?’

‘ನಿಮ್ಮನ್ಯಾಗಿನವ್ರು. ನಾ ಪೊಲೀಸ್ ಠಾಣೆಯಿಂದ ಬಂದೇನ್ರಿ, ಪಾಸ್‌ಪೋರ್ಟ್ ವಿಚಾರಣಿಗೆ. ಹೋದ ಸಲ ನೀವ ಹೇಳಿದ್ರಲ್ಲ, ಮಗಳ ಊರಿಗೆ ಹೋಗ್ಯಾರ, ಯಾವಾಗ ಬರ್ತಾರೋ ಗೊತ್ತಿಲ್ಲ ಅಂತ. ಫೋನ್ ಹಚ್ಚಿದ್ರ ಎತ್ತಲಿಲ್ಲ. ಬಾಜೂದವ್ರನ್ನ ಕೇಳೂಣಂದ್ರ ಗಿರಣಿ ಬಂದ್ ಇತ್ತು.’

ಎಲ್ಲ ನೆನಪಾಯಿತು. ಅಂದೂ ರವಿವಾರ, ಅಂದೂ ಬಣ್ಣ, ಅಂದೂ ಬ್ಯಾಗು. ಮೀಸೆಯ ಬಣ್ಣ ಬಾಯಿಗೆ ಇಳಿಯದಂತೆ ತುಟಿ ಬಿಗಿಹಿಡಿದೇ ನನ್ನನ್ನು ನಾನು ಮುದ್ದೇಬಿಹಾಳಕ್ಕೆ ಕಳಿಸಿಬಿಟ್ಟಿದ್ದೆ. ಗೊತ್ತಿಲ್ಲದ ನಂಬರನ್ನು ಎತ್ತದಿರುವುದು ಜಾಣತನ ಎಂದು ಗಲ್ಲಿಗೆಲ್ಲ ಉಪದೇಶ ಮಾಡಿದವನೂ ನಾನೇ. ಒಳಗಿನಿಂದ ಕಮಲಾ ಬಂದು ಬಾಗಿಲಲ್ಲಿ ನಿಂತಳು.

‘ಸಾಹೇಬ್ರ, ಮುದ್ದೇಬಿಹಾಳದಾಗ ನಮಗ ಯಾವ ಮಗಳೂ ಇಲ್ರಿ. ಮಾಸ್ತರ ಇವರ.’

ಆತ ಫೋಟೋ ನೋಡಿದ, ನನ್ನನ್ನು ನೋಡಿದ, ತಲೆಯಿಂದ ಇಳಿಯುತ್ತಿದ್ದ ಬಣ್ಣ ನೋಡಿದ. ‘ಬಾಜೂದವ್ರು ಯಾರರೆ ಗುರ್ತ ಹೇಳಬೇಕಾಗತೈತ್ರಿ’ ಎಂದ. ಹೋಗಿ ಗುರಪ್ಪನನ್ನೇ ಕರೆದುಕೊಂಡು ಬಂದ. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ಗುರಪ್ಪ ನನ್ನ ಎದುರು ನಿಂತು ಬಹಳ ಹೊತ್ತು ನೋಡಿದ. ನನ್ನ ಶ್ರೀಲಂಕಾ, ಕಮಲಾಳ ಬಾಜೂದ ಸೀಟು, ಎಲ್ಲವೂ ಆಗ ಅವನ ನಾಲಗೆಯ ಮೇಲಿತ್ತು.

‘ಮಾಸ್ತರಂಗ ಕಾಣಸ್ತಾರ್ರಿ. ಆದ್ರ ಅವರನ್ನ ನೋಡಿ ಭಾಳ ದಿನಾ ಆತು. ಗಿರಣಿಗೂ ಬಂದಿಲ್ಲ. ಊರಾಗಿಲ್ಲ ಅಂತ ತಿಳ್ಕೊಂಡಿದ್ದೆ.’

ನಾನು ನೆಲ ನೋಡಿದೆ. ಗುರಪ್ಪ ನಗುತ್ತ ಸಹಿ ಮಾಡಿದ.

ಅಂದು ಸಂಜೆ ಡಬ್ಬಿ ಹೊತ್ತು, ಎದುರಿನ ಬಾಗಿಲಿನಿಂದಲೇ ಅವನ ಗಿರಣಿಗೆ ಹೋದೆ. ಜೋಳ ಸುರಿಯುವಷ್ಟರಲ್ಲಿ ಬ್ಯಾಗಿನವನೊಬ್ಬ ಬಾಗಿಲಿಗೆ ಬಂದು ‘ಗಣಿತದ ಮಾಸ್ತರ ಇದ್ದಾರೇನ್ರಿ?’ ಎಂದ. ಗುರಪ್ಪ ಬಾಯಿ ತೆಗೆಯುವ ಮೊದಲೇ ನಾನು ಎದ್ದು ನಿಂತು, ‘ನಾನ ರೀ, ನಾನ ಮಾಸ್ತರ, ಇದ ಊರಾಗ ಇರ್ತೇನಿ’ ಎಂದು ಗಟ್ಟಿಯಾಗಿ ಹೇಳಿದೆ. ಆತ ಸಂತೋಷದಿಂದ ಕೈ ಮುಗಿದು, ಬ್ಯಾಗಿನಿಂದ ಚಂದಾ ಪಾವತಿಯ ಪುಸ್ತಕ ತೆಗೆದ.