ತಾಳ್ಮೆಗೆ ಎಷ್ಟು ಅಕ್ಷರ

ಎಲ್ಲದಕ್ಕೂ ಕಾರಣ ಆ ಒಂದು ವಿಡಿಯೋ. ಒಂದು ದಿನದಲ್ಲಿ ವಾರದ ಕೆಲಸ ಮುಗಿಸುವುದು ಹೇಗೆ ಎಂದು ತೋರಿಸುವ ಆ ವಿಡಿಯೋವನ್ನು ಕಂಪ್ಯೂಟರ್ ಅಳಿಯ ಕೆಲಸ ಬಿಟ್ಟು ಕೂತು ನೋಡಿದ್ದ. ಒಂದು ಸಲ ಸಾಲದೆಂದು ಇನ್ನೊಂದು ಸಲವೂ ನೋಡಿದ್ದ.

ಕಂಪ್ಯೂಟರ್ ಅಳಿಯ ಎನ್ನುವುದು ಅವನಿರುವ ಕಟ್ಟಡದವರು ಅವನಿಗೆ ಇಟ್ಟ ಹೆಸರು. ಆಫೀಸಿನ ಕೆಲಸ ಬಿಟ್ಟು, ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ತಾನೇ ಗಿರಾಕಿಗಳನ್ನು ಹುಡುಕಿ ವೆಬ್‌ಸೈಟ್ ಮಾಡಿಕೊಡುವ ಸ್ವಂತ ದಂಧೆ ಅವನದು. ಸಲಕರಣೆಗಳಿಗೇನೂ ಕೊರತೆಯಿರಲಿಲ್ಲ. ಮಾಡಬೇಕಾದ ಕೆಲಸ ಬರೆದಿಡಲು ಒಂದು ಆ್ಯಪ್, ಬರೆದಿಟ್ಟಿದ್ದಕ್ಕೆ ಬಣ್ಣ ಹಚ್ಚಲು ಇನ್ನೊಂದು, ಬಣ್ಣ ಹಚ್ಚಲು ಎಷ್ಟು ಹೊತ್ತು ಹಿಡಿಯಿತೆಂದು ಲೆಕ್ಕ ಇಡಲು ಮತ್ತೊಂದು. ಮೇಜಿನ ಮೇಲೆ ಟೊಮೇಟೊ ಆಕಾರದ ಒಂದು ಗಡಿಯಾರ ಬೇರೆ. ಅದು ಕಿರ್ರೆಂದಾಗ ವಿಶ್ರಾಂತಿ ತೆಗೆದುಕೊಳ್ಳಬೇಕು. ಅದೊಂದನ್ನು ಅವನು ತಪ್ಪದೆ ಪಾಲಿಸುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಪಾಪ, ಹಾಗೆ ದೂರುವವನಲ್ಲ. ನೆಲವನ್ನು ಸಮ ಮಾಡುವುದರಲ್ಲೇ ದಿನ ಕಳೆಯುತ್ತಿದ್ದ.

ಈ ದಿನ ಮಾತ್ರ ಹಾಗೆ ಕಳೆಯುವಂತಿರಲಿಲ್ಲ. ಫರ್ನಿಚರ್ ಅಂಗಡಿಯ ಯಜಮಾನರಿಗೆ ಸಂಜೆ ನಾಲ್ಕಕ್ಕೆ ವಿಡಿಯೋ ಕಾಲ್‌ನಲ್ಲಿ ಅವರ ಹೊಸ ವೆಬ್‌ಸೈಟ್ ತೋರಿಸಬೇಕಿತ್ತು. ಹಿಂದೆ ಎರಡು ಸಲ ಮುಂದೂಡಿಸಿಕೊಂಡು ಆಗಿತ್ತು. ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಡುತ್ತ, ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿದ್ದಳು:

"ರೀ, ಈ ಕೆಲಸಾನೂ ಕೈತಪ್ಪಿದ್ರೆ ನಾಳೆಯಿಂದ ಮತ್ತೆ ಹಳೇ ಆಫೀಸಿಗೆ ಹೋಗಿ. ನಿಮ್ಮ ಸಾಹೇಬ್ರ ಹತ್ರ ನಾನೇ ಮಾತಾಡ್ತೀನಿ."

ಆ ಸಾಹೇಬರು ಹಿಂದೆ ಬಂದು ನಿಂತು, ಕಿವಿಯ ಹತ್ತಿರ ಪೆನ್ನು ಟಿಕ್ ಟಿಕ್ ಅನ್ನಿಸುತ್ತ ಕೆಲಸ ನೋಡುತ್ತಿದ್ದದ್ದು ನೆನಪಾಗಿ ಅವನಿಗೆ ನಿಜವಾಗಿಯೂ ಭಯವಾಯಿತು.

ವಿಡಿಯೋದಲ್ಲಿ ಹೇಳಿದ ಮದ್ದೆಂದರೆ ಬೀಗ. ಆ ತಂತ್ರಾಂಶ ಹಾಕಿಕೊಂಡರೆ ಸಂಜೆಯವರೆಗೆ ಕಂಪ್ಯೂಟರಿನಲ್ಲಿ ನೀವು ಅನುಮತಿ ಕೊಟ್ಟದ್ದು ಬಿಟ್ಟು ಬೇರೇನೂ ತೆರೆಯುವುದಿಲ್ಲ. ಪಾಸ್‌ವರ್ಡ್ ಮಾತ್ರ ನಿಮಗೆ ಗೊತ್ತಿರಬಾರದು, ನಂಬಿಕಸ್ಥರ ಹತ್ತಿರ ಇರಬೇಕು. ನಂಬಿಕಸ್ಥರನ್ನು ಹುಡುಕಿಕೊಂಡು ಅವನು ದೂರ ಹೋಗಬೇಕಾಗಿರಲಿಲ್ಲ. ಅತ್ತೆ ಬ್ಯಾಂಕಿನಲ್ಲಿ ಲಾಕರ್ ವಿಭಾಗ ನೋಡಿಕೊಂಡು ನಿವೃತ್ತರಾದವರು.

"ಅತ್ತೆ, ನಿಮಗೆ ತೋಚಿದ ಒಂದು ಪದ ಹಾಕಿ. ನಾನು ಆ ಕಡೆ ತಿರುಗಿರ್ತೀನಿ. ಆರು ಗಂಟೆವರೆಗೆ ನಾನು ಗೋಗರೆದ್ರೂ ಹೇಳ್ಬೇಡಿ, ಅತ್ತರೂ ಹೇಳ್ಬೇಡಿ. ಈ ಫೋನೂ ನಿಮ್ಮ ಹತ್ರಾನೇ ಇರ್ಲಿ."

"ಅಳ್ತೀರಾ?" ಎಂದು ಅತ್ತೆ ಕನ್ನಡಕ ಏರಿಸಿಕೊಂಡು ವಿಚಾರಿಸಿದರು.

"ಮಾತಿಗೆ ಹೇಳ್ದೆ ಅತ್ತೆ."

ಅತ್ತೆ ಒಂದೊಂದೇ ಅಕ್ಷರ ಒತ್ತಿ, ಎರಡನೇ ಸಲವೂ ಒತ್ತಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಅಳಿಯ ಕೈ ಉಜ್ಜಿಕೊಂಡು ಕೂತ. ಕೆಲಸ ಬರೆದಿಡುವ ಆ್ಯಪ್ ತೆರೆಯಿತು. ಬಣ್ಣ ಹಚ್ಚುವುದು ತೆರೆಯಿತು. ಹೊತ್ತು ಲೆಕ್ಕ ಇಡುವುದೂ ತೆರೆಯಿತು. ಆದರೆ ಫರ್ನಿಚರ್ ಅಂಗಡಿಯ ವೆಬ್‌ಸೈಟ್ ತೆರೆಯಲು ಹೋದಾಗ ಪರದೆಯ ಮೇಲೆ ಒಂದು ದೊಡ್ಡ ಬೀಗದ ಚಿತ್ರ ಬಂದು, 'ಕಾಲಹರಣ ಬೇಡ, ಕೆಲಸಕ್ಕೆ ಮರಳಿ' ಎಂದಿತು.

ಅವನು ಕೆಲಸದ ಸಲಕರಣೆಗಳಿಗೆಲ್ಲ ಅನುಮತಿ ಕೊಟ್ಟಿದ್ದ. ಕೆಲಸಕ್ಕೆ ಕೊಡುವುದನ್ನು ಮರೆತಿದ್ದ.

ಅಡುಗೆಮನೆಗೆ ಓಡಿದ. ಅತ್ತೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು.

"ಅತ್ತೆ, ಪಾಸ್‌ವರ್ಡ್ ಹೇಳ್ಬಿಡಿ. ಸಣ್ಣ ತಪ್ಪಾಗಿದೆ."

"ಇನ್ನೂ ಕಾಲು ಗಂಟೆ ಆಗಿಲ್ಲ, ಆಗಲೇ ಶುರುವಾಯ್ತಾ?"

"ಇಲ್ಲ ಅತ್ತೆ, ನಿಜವಾಗ್ಲೂ ಕೆಲಸಾನೇ ತೆಗಿಯೋಕಾಗ್ತಿಲ್ಲ."

"ಲಾಕರ್ ಹತ್ರ ಬಂದೋರೆಲ್ಲ ನಿಜವಾಗ್ಲೂ ಅಂತಾನೇ ಅನ್ನೋರು," ಎಂದು ಅತ್ತೆ ಕೊತ್ತಂಬರಿಯ ಇನ್ನೊಂದು ಕಡ್ಡಿ ಎತ್ತಿಕೊಂಡರು. "ಗೋಗರೆದ್ರೂ ಹೇಳ್ಬೇಡಿ ಅಂದಿದ್ದು ನೀವೇ. ಇನ್ನು ಅಳೋದೊಂದು ಬಾಕಿ ಇದೆ."

ಅವನು ಕೋಣೆಗೆ ಹೋದ, ಬಂದ, ಮತ್ತೆ ಹೋದ. ಮಧ್ಯಾಹ್ನದ ಹೊತ್ತಿಗೆ ಅವನ ಗೋಗರೆತ ಗೋಡೆ ದಾಟಿ ಪಕ್ಕದ ಮನೆಯ ಟೈಲರ್ ಅಕ್ಕನ ಕಿವಿಗೆ ಬಿತ್ತು. ಅವರು ಅಳತೆಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಬಂದರು. ಅವರ ಹಿಂದೆ ಕೆಳಗಿನ ಮನೆಯ ಬ್ರಷ್ ರಾಯರು ಬಂದರು. ಅಂಗಡಿಗಳಿಗೆ ಬೋರ್ಡ್ ಬರೆಯುವುದು ಅವರ ಕಸುಬು, ಮಿಕ್ಕವರ ಮನೆಯ ಪಂಚಾಯಿತಿ ಮಾಡುವುದು ಹವ್ಯಾಸ.

"ಅಳಿಯನ್ನ ಕೂಡಿಹಾಕಿದ್ದೀರಂತೆ," ಎಂದರು ಟೈಲರ್ ಅಕ್ಕ.

"ಅವರೇ ಕೂಡಿಹಾಕ್ಕೊಂಡು ಬೀಗದ ಕೈ ನನಗೆ ಕೊಟ್ರು."

ಆ ಹೊತ್ತಿಗೆ ಸರಿಯಾಗಿ ಅತ್ತೆಯ ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು. ಅಳಿಯ ಕೈ ಚಾಚುವಷ್ಟರಲ್ಲಿ ಅತ್ತೆ ಕಿವಿಗೆ ಇಟ್ಟಾಗಿತ್ತು.

"ಹಲೋ. ಫರ್ನಿಚರ್ ಅಂಗಡಿಯವ್ರಾ? ಅವರು ಫೋನಿಗೆ ಬರೋ ಹಾಗಿಲ್ಲ. ಕಂಪ್ಯೂಟರಿಗೆ ಬೀಗ ಹಾಕಿದೆ. ಯಾರು ಅಂದ್ರೆ, ನಾನೇ. ಹೌದು, ಬೇಡ್ಕೊಂಡ್ರು. ಕೊಡ್ಲಿಲ್ಲ. ಆಯ್ತು, ನಾಲ್ಕಕ್ಕೆ." ಫೋನು ಮತ್ತೆ ಸೊಂಟಕ್ಕೆ ಹೋಯಿತು. "ನಾಲ್ಕಕ್ಕೆ ಖಂಡಿತ ಬರ್ತಾರಂತೆ."

ಅಳಿಯನ ಕಣ್ಣಲ್ಲಿ ನೀರೇ ಬಂತು. ಅತ್ತೆ ಅದನ್ನು ನೋಡಿ, "ಅಳೋದೂ ಆಯ್ತು," ಎಂದರು. ಆದರೆ ಈ ಸಲ ದನಿ ಸ್ವಲ್ಪ ಮೆತ್ತಗಾಗಿತ್ತು.

"ಗಿರಾಕಿ ಬರ್ತಾನೆ ಅಂದ್ಮೇಲೆ ಅಂಗಡಿ ಬಾಗಿಲು ತೆಗೀಬೇಕಮ್ಮ," ಎಂದು ಬ್ರಷ್ ರಾಯರು ತೀರ್ಪು ಕೊಟ್ಟರು. ಟೈಲರ್ ಅಕ್ಕನೂ ತಲೆಯಾಡಿಸಿದರು. ಅತ್ತೆ ನಿಟ್ಟುಸಿರು ಬಿಟ್ಟು, "ತಾಳ್ಮೆ," ಎಂದರು.

"ಎಷ್ಟು ಅಂತ ತಾಳ್ಮೆ ಇಟ್ಕೊಳ್ಳಲಿ ಅತ್ತೆ?"

"ಅಯ್ಯೋ, ಪಾಸ್‌ವರ್ಡೇ ಅದು. ತಾಳ್ಮೆ."

ಎಲ್ಲರೂ ಕೋಣೆಗೆ ನುಗ್ಗಿದರು. ಅಳಿಯ ಕೀಲಿಮಣೆಯ ಮೇಲೆ ಬೆರಳಿಟ್ಟವನು ಹಾಗೆಯೇ ನಿಂತುಬಿಟ್ಟ. ಕೀಲಿಮಣೆಯಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರ.

"ಅತ್ತೆ, ಹೇಗೆ ಒತ್ತಿದ್ರಿ? ಬರೀ ಟೀನಾ, ಟಿ ಎಚ್ಚಾ?"

"ನಾನು ಕನ್ನಡದಲ್ಲಿ ಅಂದ್ಕೊಂಡು ಒತ್ತಿದೆ. ಅಕ್ಷರ ಯಾರು ನೆನಪಿಟ್ಕೋತಾರೆ?"

"ಟಿ ಎಚ್ಚೇ," ಎಂದರು ಬ್ರಷ್ ರಾಯರು. "ಬರೀ ಟಿ ಹಾಕಿದ್ರೆ ಟಾಳ್ಮೆ ಆಗುತ್ತೆ. ನಾನು ಬರೆದ ಬೋರ್ಡ್‌ನಲ್ಲೆಲ್ಲ ಟಿ ಎಚ್ಚೇ ಇರೋದು."

"ಅದಕ್ಕೇ ಜನ ನಿಮ್ಮ ಬೋರ್ಡ್ ಓದ್ಕೊಂಡು ಬೇರೆ ಅಂಗಡಿಗೆ ಹೋಗ್ತಾರೆ," ಎಂದರು ಟೈಲರ್ ಅಕ್ಕ. "ಟಿ ಎಚ್ ಅಂದ್ರೆ ಹೊಟ್ಟೆ ಸೀಳಿದ ಥ. ಬರೀ ಟಿ, ಒಂದೇ ಎ. ಬಟ್ಟೆ ಉಳಿದ ಹಾಗೆ ಅಕ್ಷರಾನೂ ಉಳಿಯುತ್ತೆ."

"ಮತ್ತೆ ದೀರ್ಘ ಎಲ್ಲಿ ಹೋಯ್ತು? ಳಕಾರ ಎಲ್ಲಿ ಹೋಯ್ತು? ದೊಡ್ಡ ಎಲ್ ಬೇಕಲ್ವಾ?" ಎಂದರು ರಾಯರು.

ರಾಯರ ಮಾತಿನಂತೆ ಒಮ್ಮೆ ಒತ್ತಿದ. ತಪ್ಪು. ಅಕ್ಕನ ಮಾತಿನಂತೆ ಒಮ್ಮೆ ಒತ್ತಿದ. ಅದೂ ತಪ್ಪು. 'ಇನ್ನೊಮ್ಮೆ ತಪ್ಪಿದರೆ ನಾಳೆ ಬನ್ನಿ' ಎಂದು ಪರದೆ ಎಚ್ಚರಿಸಿತು. ನೆರೆಹೊರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳಿಯನ ಕಿವಿಯ ಹತ್ತಿರ ಪೆನ್ನು ಟಿಕ್ ಟಿಕ್ ಅಂದಂತಾಯಿತು. ಸೋತು ಸುಣ್ಣವಾಗಿ ಅತ್ತೆಯಿಂದ ಫೋನು ಬೇಡಿ ಪಡೆದು ಹೆಂಡತಿಗೆ ಕರೆ ಮಾಡಿದ. ಬೈಸಿಕೊಳ್ಳುವುದು ಹೇಗೂ ಇದೆ, ಬೇಗ ಮುಗಿಯಲಿ ಎಂದುಕೊಂಡ.

"ಅಷ್ಟೇನಾ?" ಎಂದಳು ಹೆಂಡತಿ, ಎಲ್ಲ ಕೇಳಿ. "ಬರೀ ಟಿ, ಡಬಲ್ ಎ, ಚಿಕ್ಕ ಎಲ್, ಎಮ್, ಇ."

"ನಿನಗೆ ಹೇಗೆ ಗೊತ್ತು?"

"ಅಮ್ಮ ದಿನಾ ನನಗೆ ಇಂಗ್ಲಿಷ್ ಅಕ್ಷರದಲ್ಲೇ ಮೆಸೇಜ್ ಕಳಿಸ್ತಾರಲ್ಲ. ಅಳಿಯಂದ್ರಿಗೆ ತಾಳ್ಮೆ ಇಲ್ಲ, ಅಳಿಯಂದ್ರಿಗೆ ತಾಳ್ಮೆ ಇಲ್ಲ ಅಂತ."

ಅತ್ತೆ ಕಿಟಕಿಯಾಚೆ ನೋಡತೊಡಗಿದರು. ಅಳಿಯ ಒತ್ತಿದ. ಬೀಗ ಕಳಚಿಕೊಂಡಿತು.

ಆಮೇಲೆ ಅವನು ಮಾಡಿದ ಕೆಲಸವನ್ನು ಆ ವಿಡಿಯೋದವನು ನೋಡಿದ್ದರೆ ಅವನ ಮೇಲೇ ಒಂದು ವಿಡಿಯೋ ಮಾಡುತ್ತಿದ್ದ. ಟೊಮೇಟೊ ಕಿರ್ರೆಂದರೂ ತಲೆಯೆತ್ತಲಿಲ್ಲ. ಯಾವ ಆ್ಯಪನ್ನೂ ಮುಟ್ಟಲಿಲ್ಲ. ನಾಲ್ಕು ಹೊಡೆಯುವಷ್ಟರಲ್ಲಿ ಸೋಫಾಗಳು ಸಾಲಾಗಿ ಕೂತವು, ಮಂಚಗಳು ಮಿಂಚಿದವು. ಅಷ್ಟು ಚೆಂದದ ಪುಟವನ್ನು ಅವನು ಅಲ್ಲಿಯವರೆಗೆ ಮಾಡಿರಲಿಲ್ಲ. ಅವನಿಗೇ ತನ್ನ ಮೇಲೆ ಪ್ರೀತಿ ಬಂತು.

ಪರದೆಯ ಮೇಲೆ ಯಜಮಾನರು ಕಾಣಿಸಿಕೊಂಡರು. ಅವರ ಹಿಂದೆ, ಮಾರಾಟಕ್ಕಿಟ್ಟ ಸೋಫಾದ ಮೇಲೆ, ಅಂಗಡಿಯ ಕೆಲಸಗಾರರು ಸಾಲಾಗಿ ಕೂತು, ತಲೆ ತಗ್ಗಿಸಿ ಫೋನು ಉಜ್ಜುತ್ತಿದ್ದರು. ಅಳಿಯ ಪುಟ ತೋರಿಸಿದ.

"ಚೆನ್ನಾಗಿದೆ, ಚೆನ್ನಾಗಿದೆ," ಎಂದರು ಯಜಮಾನರು, ನೋಡಿಯೂ ನೋಡದವರಂತೆ. "ಮೊದಲು ಆ ಬೀಗದ ವಿಷಯ ಹೇಳಿ. ಬೇಡ್ಕೊಂಡ್ರೂ ಕೊಡ್ಲಿಲ್ವಂತೆ, ನಿಜಾನಾ?"

"ಕಣ್ಣೀರು ಹಾಕಿದ್ರೂ ಕೊಡ್ಲಿಲ್ಲ," ಎಂದು ಬ್ರಷ್ ರಾಯರು ಬಾಗಿಲಿನಿಂದಲೇ ಸಾಕ್ಷಿ ಹೇಳಿದರು.

ಯಜಮಾನರು ಒಮ್ಮೆ ಹಿಂದೆ ತಿರುಗಿ ಸೋಫಾದತ್ತ ನೋಡಿದರು. "ನೋಡಿ, ವೆಬ್‌ಸೈಟ್ ಮಾಡ್ಸಿದ್ರೆ ಹೊಸ ಗಿರಾಕಿಗಳು ಬರ್ತಾರೆ. ಬಂದೋರನ್ನ ತಲೆಯೆತ್ತಿ ನೋಡೋರೇ ನನ್ನ ಹತ್ರ ಇಲ್ಲ. ವೆಬ್‌ಸೈಟ್ ಸದ್ಯಕ್ಕೆ ಬೇಡ, ಮುಂದೆ ನೋಡೋಣ. ಸ್ವಲ್ಪ ಪಕ್ಕಕ್ಕೆ ಸರಿದು ಆ ಅಮ್ಮನವರನ್ನ ಕೂರಿಸ್ತೀರಾ?"

ಅಳಿಯ ಕುರ್ಚಿ ಬಿಟ್ಟೆದ್ದ. ಅತ್ತೆ ಸೆರಗು ಸರಿಮಾಡಿಕೊಂಡು ಕೂತರು. ಮಾತು ಬಹಳ ಹೊತ್ತು ನಡೆಯಿತು. ನಡುವೆ ಒಂದೆರಡು ಸಲ ನಗುವೂ ಕೇಳಿಸಿತು. ಅಳಿಯ ಅಡುಗೆಮನೆಯಲ್ಲಿ ನಿಂತು, ಬಿಡಿಸದೆ ಉಳಿದ ಕೊತ್ತಂಬರಿ ಬಿಡಿಸಿದ.

ಹೆಂಡತಿಯ ಫೋನು ಬಂತು.

"ರೀ, ಏನಾಯ್ತು? ಕೆಲಸ ಸಿಕ್ತಾ?"

"ಸಿಕ್ತು."

"ಸದ್ಯ. ಯಾವಾಗಿಂದ ಶುರುವಂತೆ?"

"ನಾಳೆಯಿಂದಲೇ. ಒಂಬತ್ತಕ್ಕೆ ಹೊರಡ್ತಾರಂತೆ ನಿಮ್ಮಮ್ಮ."

ಹೆಂಡತಿ ಅಂಗಡಿಯ ವಿಳಾಸ ಕೇಳಿಕೊಂಡಳು. ಆಮೇಲೆ ಹೇಳಿದಳು:

"ಹಾಗಾದ್ರೆ ನೀವೂ ಜೊತೆಗೇ ಹೊರಡಿ. ಆ ಅಂಗಡಿಗೂ ನಿಮ್ಮ ಹಳೇ ಆಫೀಸಿಗೂ ಒಂದೇ ಬಸ್ಸು."